ಬಡಗಿ ದುಂಬಿಯನ್ನು ಗುರುತಿಸುವುದು ಹೇಗೆ?

ಚಿತ್ರದುರ್ಗದ ಚಂದ್ರವಳ್ಳಿ, ಜೋಗಿಮಟ್ಟಿ ಕಡೆ ಓಡಾಡುವವರಿಗೆ ಇದು ಗೊತ್ತಿರುತ್ತದೆ. ದಪ್ಪನೆಯ ಕಪ್ಪು ಹುಳವೊಂದು ಗುಂಯ್ ಅಂತ ಕಿವಿ ಪಕ್ಕದಲ್ಲೇ ಹಾದುಹೋಗುತ್ತದೆ. ಹೆಜ್ಜೇನು ಅಂದುಕೊಂಡು ಟವೆಲ್ ಬೀಸುವವರೇ ಜಾಸ್ತಿ. ದಯವಿಟ್ಟು ಬೀಸಬೇಡಿ. ಅದು ಬಡಗಿ ದುಂಬಿ, ಜೇನಿನ ದೊಡ್ಡ ನೆಂಟ.

ಮೊದಲು ಹೂವು ಹುಡುಕಿ. ಬಿಸಿಲೇರಿದ ಮೇಲೆ ಎಕ್ಕದ ಗಿಡದ ಹತ್ತಿರ ಸುಮ್ನೆ ನಿಂತರೆ ಸಾಕು. ತಂಗಡಿ, ಹೊಂಗೆ ಹೂ ಬಿಟ್ಟಿದ್ದರೆ ಅಲ್ಲಿಗೂ ಬರುತ್ತದೆ. ತಂಗಡಿ ಹೂವಿನಲ್ಲಿ ಕಿವಿಗೊಟ್ಟು ಕೇಳಿ. ದುಂಬಿ ಕೇಸರವನ್ನು ತಬ್ಬಿ ಕೂತ ಕೂಡಲೇ ಸದ್ದು ಬದಲಾಗುತ್ತದೆ, ಚಿಕ್ಕದಾಗಿ, ಚೂಪಾಗಿ ಝೀಂ ಅನ್ನುತ್ತದೆ. ಎದೆಯ ಸ್ನಾಯು ಅದುರಿಸಿ ಪರಾಗ ಉದುರಿಸಿಕೊಳ್ಳುವ ಪರಿ ಅದು. ಬದನೆ, ಟೊಮ್ಯಾಟೊ ಹೂವಿಗೂ ಇಂಥ ಅದುರುವಿಕೆಯಿಂದ ತುಂಬಾ ಉಪಕಾರ.

ಆಮೇಲೆ ಹೊಟ್ಟೆ ನೋಡಿ. ಮುಖ್ಯ ಗುರುತು ಇದೇ. ಹೊಟ್ಟೆಯ ಮೇಲ್ಭಾಗದಲ್ಲಿ ಕೂದಲು ಕಡಿಮೆ, ಎಣ್ಣೆ ಸವರಿದ ಹಾಗೆ ಮಿರಿಮಿರಿ ಹೊಳೆಯುತ್ತದೆ. ದೊಡ್ಡ ಜಾತಿಗಳು 2ರಿಂದ 3 ಸೆಂ.ಮೀ. ಉದ್ದ. ಹೆಜ್ಜೇನು ಇದಕ್ಕಿಂತ ಸಪೂರ, ಹೊಟ್ಟೆ ಮೇಲೆ ಕಂದು-ಹಳದಿ ಬಣ್ಣ ಇರುತ್ತದೆ. ಸಗಣಿ ಹುಳದ ಬೆನ್ನ ಮೇಲೆ ಗಟ್ಟಿ ಚಿಪ್ಪು ಇರುತ್ತದೆ, ದುಂಬಿಗೆ ಅದಿಲ್ಲ.

ರೆಕ್ಕೆ ಕಪ್ಪು ಅನ್ನಿಸಿದರೂ ಬಿಸಿಲು ಬಿದ್ದಾಗ ನೀಲಿ, ನೇರಳೆ, ಹಸಿರು ಮಿಂಚುತ್ತದೆ. ನೆರಳಲ್ಲಿ ಕೂತಿದ್ದರೆ ಸ್ವಲ್ಪ ಕಾಯಿರಿ.

ಎಲ್ಲವೂ ಪೂರ್ತಿ ಕಪ್ಪಲ್ಲ. ಒಂದು ಜಾತಿಯ ಹೆಣ್ಣಿಗೆ ಎದೆ ಮಾತ್ರ ಹಳದಿ, ಗಂಡಿಗೆ ಮೈಯೆಲ್ಲ ಹಳದಿ ಕೂದಲು. ಎರಡೂ ಬೇರೆ ಬೇರೆ ಹುಳ ಅನ್ನಿಸಿಬಿಡುತ್ತದೆ ಅಲ್ವಾ? ಗಾಳಿಯಲ್ಲಿ ಒಂದೇ ಕಡೆ ನಿಂತು, ಹತ್ತಿರ ಬಂದದ್ದನ್ನೆಲ್ಲ ಅಟ್ಟಿಸಿಕೊಂಡು ಹೋಗುವುದು ಸಾಮಾನ್ಯವಾಗಿ ಗಂಡು. ಅದಕ್ಕೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಇದೆ, ಆದರೆ ಹಿಡಿದು ಹಿಂಸಿಸಿದರೆ ಮಾತ್ರ ಚುಚ್ಚುತ್ತದೆ.

ಇನ್ನು ಗೂಡು. ಒಣ ಕೊಂಬೆ, ಬಿದಿರಿನ ಗಳ, ಹಳೇ ಮನೆಯ ಜಂತಿಯಲ್ಲಿ ಬೆರಳಗಲದ ದುಂಡನೆಯ ತೂತು ಇದ್ದು, ಕೆಳಗೆ ಹೊಸ ಮರದ ಪುಡಿ ಬಿದ್ದಿದ್ದರೆ ಅದು ಇದರದ್ದೇ ಕೆಲಸ. ಮರ ತಿನ್ನುವುದಿಲ್ಲ, ಕೊರೆಯುತ್ತದೆ ಅಷ್ಟೇ. ಒಳಗೆ ಪರಾಗದ ಉಂಡೆಯಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಮರದ ಪುಡಿಯಿಂದಲೇ ಗೋಡೆ ಕಟ್ಟುತ್ತದೆ.

ಫೋಟೊ ತೆಗೆಯುವಾಗ ಬೆನ್ನು, ಪಕ್ಕ, ಮುಖ ಮೂರೂ ಬರಲಿ. ಜಾತಿ ಹೇಳಲು ತಿಳಿದವರಿಗೆ ಇವು ಬೇಕಾಗುತ್ತವೆ. ಮನೆಯ ಜಂತಿ ಕೊರೆಯುತ್ತಿದ್ದರೆ ಕೊಲ್ಲಬೇಡಿ. ಮರಿ ಹಾರಿಹೋದ ಮೇಲೆ ತೂತು ಮುಚ್ಚಿ ಬಣ್ಣ ಬಳಿಯಿರಿ, ಹೊಲದ ಬದುವಿನಲ್ಲಿ ಒಣ ಬಿದಿರಿನ ನಾಲ್ಕು ತುಂಡು ಕಟ್ಟಿಡಿ.