ಬೋಟು ದಡ ಸೇರಿದ ಮೇಲೆ ಅಪ್ಪಂದಿರ ಸಭೆ

ಮಲ್ಪೆ ಹತ್ತಿರದ ನಮ್ಮ ಅಂಗನವಾಡಿಯಲ್ಲಿ ಪೋಷಕರ ಸಭೆ ಅಂದರೆ ತಾಯಂದಿರ ಸಭೆಯೇ. ಮೈ ಬಗ್ಗೆ, ಹೆಣ್ಣು-ಗಂಡು ಬಗ್ಗೆ ಮಗು ಕೇಳಿದರೆ ಏನು ಹೇಳಬೇಕು ಅಂತ ವಿವರಿಸಿದರೆ, "ನಮಗೆ ಅರ್ಥ ಆಯ್ತು ಟೀಚರೇ, ಮನೆಯಲ್ಲಿ ಅವರು ಬೈತಾರೆ" ಅನ್ನುತ್ತಿದ್ದರು. ಹಾಗಾಗಿ ಈ ವಿಷಯವನ್ನು ಮಳೆಗಾಲಕ್ಕೆ ಇಟ್ಟೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಅಪ್ಪಂದಿರು ಊರಲ್ಲೇ ಇರುತ್ತಾರೆ.

ಕರೆಯುವಾಗ "ಲೈಂಗಿಕ ಶಿಕ್ಷಣ" ಅನ್ನಲಿಲ್ಲ, "ಮಕ್ಕಳ ಸುರಕ್ಷತೆ" ಅಂದೆ. ಸುಳ್ಳೇನಲ್ಲವಲ್ಲ.

ಮಕ್ಕಳು ಕೇಳಿದ ಪ್ರಶ್ನೆಗಳನ್ನೇ ಚೀಟಿಯಲ್ಲಿ ಬರೆದು ಓದಿದೆ. "ತಂಗಿ ಯಾಕೆ ಕೂತು ಉಚ್ಚೆ ಹೊಯ್ಯುವುದು?" "ನಾನು ಅಮ್ಮನ ಹೊಟ್ಟೆಯೊಳಗೆ ಎಲ್ಲಿದ್ದೆ?" ಎಲ್ಲರೂ ನಕ್ಕರು. ನಗು ಬಂದ ಮೇಲೆ ಕೆಲಸ ಸುಲಭ. "ಮಗು ಬೆಳೆಯಲಿಕ್ಕೆ ಅಂತಲೇ ಅಮ್ಮನ ಹೊಟ್ಟೆಯಲ್ಲಿ ಒಂದು ಚೀಲ ಇದೆ, ಅಲ್ಲಿದ್ದೆ" ಅಂದರೆ ಮೂರು-ನಾಲ್ಕು ವರ್ಷಕ್ಕೆ ಸಾಕು. ಜಾಸ್ತಿ ಬೇಕಾದರೆ ಅದೇ ಮತ್ತೆ ಕೇಳುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಸೀರೆಯ ವಿಷಯ. "ಮಗ ಅಕ್ಕನ ಶಾಲನ್ನು ಸೀರೆ ಹಾಗೆ ಸುತ್ತಿಕೊಂಡು ಕುಣಿಯುತ್ತಾನೆ, ಎರಡು ಬಿಟ್ಟೆ" ಅಂದರು ಒಬ್ಬರು. ಪಕ್ಕದವರು, "ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕುವವರು ಗಂಡಸರೇ ಅಲ್ವಾ ಮಾರಾಯ? ಬೆಳಗಿನವರೆಗೆ ಕೂತು ನೋಡ್ತೀಯಲ್ಲ" ಅಂದರು. "ಅದು ವೇಷ. ಇವನು ನನ್ನ ಮಗ" ಅಂತ ಉತ್ತರ ಬಂತು. ಆ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಲಿಕ್ಕೆ ಆಗುವುದಿಲ್ಲ. ಎರಡು-ಮೂರು ವರ್ಷಕ್ಕೆ ಹೆಚ್ಚಿನ ಮಕ್ಕಳು ತಾನು ಹುಡುಗ, ತಾನು ಹುಡುಗಿ ಅನ್ನತೊಡಗುತ್ತವೆ. ಆದರೆ ಬಟ್ಟೆ, ಕೂದಲು ಬದಲಾದರೆ ಅದೂ ಬದಲಾಗುತ್ತದೆ ಅಂತ ನಂಬುವ ಮಕ್ಕಳೂ ಇರುತ್ತವೆ. ಸೀರೆ ಉಡುವುದು, ಮೀಸೆ ಬರೆದುಕೊಳ್ಳುವುದು ಆ ವಯಸ್ಸಿನ ಆಟ. ಅದರಿಂದ ಮುಂದಿನದನ್ನು ಹೇಳಲಿಕ್ಕೆ ಬರುವುದಿಲ್ಲ. ಮುಂದೆ ಯಾರೋ ಒಬ್ಬ ಬೇರೆ ಥರವೇ ಇದ್ದರೂ ಪೆಟ್ಟು ಕೊಟ್ಟರೆ ಬದಲಾಗುವುದಿಲ್ಲ, ಅಪ್ಪನಿಂದ ಮುಚ್ಚಿಡಲು ಕಲಿಯುತ್ತಾನೆ, ಅಷ್ಟೇ. ಅವರು ಒಪ್ಪಿದರು ಅಂತ ಹೇಳಲಾರೆ. ಮುಂದಿನ ಸಭೆಗೂ ಬಂದರು.

ಗುಪ್ತಾಂಗಕ್ಕೆ "ಶೇಮ್ ಶೇಮ್" ಅನ್ನಬೇಡಿ ಅಂದೆ. ನಾಚಿಕೆಯ ಜಾಗ ಅಂತ ಕಲಿತ ಮಗು ಯಾರಾದರೂ ಮುಟ್ಟಿದರೆ ಬಾಯಿ ಬಿಡುವುದು ಕಷ್ಟ. ತುಳುವಿನಲ್ಲೋ ಬ್ಯಾರಿಯಲ್ಲೋ, ಕೇಳಿದ ದೊಡ್ಡವರಿಗೆ ಅರ್ಥವಾಗುವ ಹೆಸರು ಇರಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಗಂಡುಮಕ್ಕಳಿಗೂ ಇದೆ ಅಂದಾಗ ಅಪ್ಪಂದಿರು ನೆಟ್ಟಗೆ ಕೂತರು. ಮಕ್ಕಳ ಸಹಾಯವಾಣಿ 1098 ಅನ್ನು ಅಲ್ಲೇ ಮೊಬೈಲಿಗೆ ಹಾಕಿಸಿದೆ.

ಮಗುವಿಗೆ ಮನಸ್ಸಿಲ್ಲದಿದ್ದರೆ "ಮಾಮನಿಗೆ ಮುತ್ತು ಕೊಡು" ಅಂತ ಒತ್ತಾಯಿಸಬೇಡಿ ಅನ್ನುವ ಮಾತಿಗೆ ಮಾತ್ರ ಮನೆಗಳಲ್ಲಿ ಅಜ್ಜಿಯರ ವಿರೋಧ ಜೋರಾಗಿದೆ. ಅವರಿಗೊಂದು ಬೇರೆ ಸಭೆ ಕರೆಯಬೇಕು.