ಮಲೆನಾಡಿನ ತೇವ ತಡೆಯುವ ಗೋಡೆ: ನನ್ನ ಟಿಯರ್‌ಡ್ರಾಪ್ ಟ್ರೈಲರ್ ಅನುಭವ

ಟಿಯರ್‌ಡ್ರಾಪ್ ಟ್ರೈಲರ್ ಅಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಇಬ್ಬರು ಮಲಗುವಷ್ಟು ಜಾಗದ ಪುಟ್ಟ ಗಾಡಿ. ಪಕ್ಕದಿಂದ ನೋಡಿದರೆ ನೀರಿನ ಹನಿಯ ಆಕಾರ. ಅಮೆರಿಕದಲ್ಲಿ 1930ರ ದಶಕದಿಂದಲೇ ಜನ ಇದನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಿದ್ದಾರೆ. 8 ಅಡಿ ಉದ್ದ, 4 ಅಡಿ ಅಗಲದ ಒಂದು ಪ್ಲೈವುಡ್ ಹಾಳೆಯಲ್ಲಿ ಒಂದು ಪಕ್ಕದ ಗೋಡೆ ಪೂರ್ತಿ ಸಿಗುತ್ತದೆ. ಚಾಸಿ, ಚಕ್ರ, ನೋಂದಣಿ ಎಲ್ಲ ಬೇರೆ ಕಥೆ. ಇಲ್ಲಿ ನಾನು ಹೇಳುವುದು ಗೋಡೆ ಬಗ್ಗೆ ಮಾತ್ರ.

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆ. ಇಲ್ಲಿ ಗೋಡೆಗೆ ಇನ್ಸುಲೇಷನ್ (ಶಾಖ ತಡೆಯುವ ಪದರ) ಹಾಕುವುದು ಚಳಿಗೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಚಳಿ ಇದೆ, ನಿಜ. ಆದರೆ ಗಾಡಿ ಹಾಳು ಮಾಡುವುದು ತೇವ. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರು, ಮೈ ಬೆವರು ಸೇರಿ ಅರ್ಧ ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ಅಷ್ಟು ಚಿಕ್ಕ ಜಾಗದಲ್ಲಿ ಅದು ಎಲ್ಲಿಗೆ ಹೋಗಬೇಕು? ತಣ್ಣಗಿರುವ ಜಾಗ ಹುಡುಕಿಕೊಂಡು ಹೋಗಿ ಹನಿಯಾಗಿ ಕೂರುತ್ತದೆ. ಗೋಡೆಯೊಳಗೆ ಹೊಕ್ಕು ಕೂತರಂತೂ ಕಣ್ಣಿಗೂ ಕಾಣುವುದಿಲ್ಲ, ಒಣಗುವುದೂ ಇಲ್ಲ. ಮುಂದಿನ ಮಳೆಗಾಲಕ್ಕೆ ಪ್ಲೈ ಕಪ್ಪಾಗಿರುತ್ತದೆ. ಹಾಗಾಗಿ ಗೋಡೆಯೊಳಗೆ ಗಾಳಿ ಓಡಾಡಲು ಸಂದೇ ಇರಬಾರದು ಅಂತ ಮೊದಲೇ ತೀರ್ಮಾನ ಮಾಡಿದೆ.

ಗ್ಲಾಸ್‌ವುಲ್ (ಗಾಜಿನ ಎಳೆಗಳ ಹತ್ತಿಯಂಥ ಹಾಸು) ಬೇಡ ಅಂದಿದ್ದು ಇದಕ್ಕೇ. ನೀರು ಹಿಡಿದುಕೊಳ್ಳುತ್ತದೆ, ಎಸ್ಟೇಟ್ ರಸ್ತೆಯ ಕುಲುಕಾಟಕ್ಕೆ ಕೆಳಗೆ ಕುಸಿಯುತ್ತದೆ. ಶೀಟ್ ಮನೆಗಳಿಗೆ ಹಾಕುವ ಬೆಳ್ಳಿ ಬಣ್ಣದ ಬಬಲ್ ಹಾಳೆಯೂ ಬೇಡ. ಅದರ ಮುಂದೆ ಗಾಳಿಯ ಜಾಗ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಎರಡು ಪ್ಲೈ ನಡುವೆ ಒತ್ತಿಟ್ಟರೆ ಸುಮ್ನೆ ದುಡ್ಡು ದಂಡ. ನಾನು ಹಾಕಿದ್ದು 25 ಮಿ.ಮೀ. ಎಕ್ಸ್‌ಪಿಎಸ್ ಬೋರ್ಡ್. ಥರ್ಮಾಕೋಲ್ ಜಾತಿಯದೇ, ಆದರೆ ಗಟ್ಟಿ, ನೀರು ಕುಡಿಯುವುದು ತೀರಾ ಕಡಿಮೆ. ಶಾಖ ತಡೆಯುವುದರಲ್ಲಿ ಇದರ ಒಂದು ಇಂಚು ಸುಮಾರು ನಾಲ್ಕು ಇಂಚು ಪ್ಲೈವುಡ್‌ಗೆ ಸಮ.

ಹೊರಗೆ 6 ಮಿ.ಮೀ. ಮರೀನ್ ಪ್ಲೈ (ನೀರು ತಾಳುವ ಪ್ಲೈ, ಅದರ ಭಾರತೀಯ ಮಾನಕವಾದ ಐಎಸ್ 710 ಮುದ್ರೆ ಇರುವುದು), ನಡುವೆ ಬೋರ್ಡ್ ಮತ್ತು ಅಷ್ಟೇ ದಪ್ಪದ ಮರದ ರೀಪು, ಒಳಗೆ 4 ಮಿ.ಮೀ. ಪ್ಲೈ. "ಇಷ್ಟು ತೆಳು ಪ್ಲೈ ನಿಲ್ಲುತ್ತಾ ಸರ್?" ಅಂತ ನಮ್ಮ ಆಚಾರ್ರು ಅನುಮಾನಪಟ್ಟರು. ಮೂರೂ ಒಂದಾಗಿ ಅಂಟಿದ ಮೇಲೆ ಅವರೇ ಎರಡೂ ಕೈ ಕೊಟ್ಟು ಬಗ್ಗಿಸಲು ನೋಡಿದರು, ಜಗ್ಗಲಿಲ್ಲ. 19 ಮಿ.ಮೀ. ಪ್ಲೈಗಿಂತ ಇದು ಹಗುರ, ಬಿಗಿಯೂ ಜಾಸ್ತಿ. ರೀಪಿನ ಬದಲು ಕಬ್ಬಿಣದ ಪೈಪ್ ಹಾಕಿ ಅಂತ ವೆಲ್ಡಿಂಗ್ ಅಂಗಡಿಯವರು ಹೇಳಿದ್ದರು, ಒಪ್ಪಲಿಲ್ಲ. ಕಬ್ಬಿಣ ಹೊರಗಿನ ಚಳಿಯನ್ನು ನೇರ ಒಳಗೆ ತರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಪೈಪಿನ ಗುಂಟ ಹನಿ ಸಾಲುಗಟ್ಟಿರುತ್ತದೆ.

ಅಂಟಿನ ವಿಷಯದಲ್ಲಿ ದಯವಿಟ್ಟು ಎಚ್ಚರ. ಸನ್‌ಮೈಕಾ ಅಂಟಿಸುವ ರಬ್ಬರ್ ಗಂ ಈ ಬೋರ್ಡನ್ನು ಕರಗಿಸುತ್ತದೆ. ಬೇಕಾದರೆ ಒಂದು ತುಂಡಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ. ಬಿದ್ದ ಜಾಗ ಮೆಲ್ಲಗೆ ತಗ್ಗುತ್ತಾ ಹೋಗಿ, ಅಂಚು ಸುಕ್ಕುಗಟ್ಟಿ, ಗುಳಿ ಬೀಳುತ್ತದೆ. ನಾನು ಪಿಯು (ಪಾಲಿಯುರೆಥೇನ್) ಅಂಟು ಬಳಸಿದೆ. ಅದು ತೇವ ಹೀರಿಕೊಂಡೇ ಗಟ್ಟಿಯಾಗುವುದು. ಅದಕ್ಕೆ ಪ್ಲೈ ಮೇಲೆ ಒದ್ದೆ ಬಟ್ಟೆ ಹಗುರವಾಗಿ ಆಡಿಸಿ ಆಮೇಲೆ ಹಚ್ಚಬೇಕು. ಗಟ್ಟಿಯಾಗುವಾಗ ಉಬ್ಬುತ್ತದೆ, ಹಾಗಾಗಿ ಮೇಲೆ ಭಾರ ಹೇರಲೇಬೇಕು. ಈ ಕೆಲಸ ಬೇಸಿಗೆಯಲ್ಲೇ ಮಾಡಿ, ಮಳೆಗಾಲದಲ್ಲಿ ಪ್ಲೈ ಆಗಲೇ ಒಳಗೆಲ್ಲ ತೇವ ಕುಡಿದಿರುತ್ತದೆ, ಅಂಟಿಸಿದ ಮೇಲೆ ಅದು ಗೋಡೆಯೊಳಗೇ ಉಳಿಯುತ್ತದೆ. ಕಾಫಿ ಒಣಗಿಸುವ ಕಣದಷ್ಟು ಮಟ್ಟಸ ಜಾಗ ನಮಗೆ ಬೇರೆ ಸಿಗಲ್ಲ, ಅಲ್ವಾ? ಅಲ್ಲೇ ಪ್ಲಾಸ್ಟಿಕ್ ಹಾಸಿ, ಗೋಡೆ ಮಲಗಿಸಿ, ಮೇಲೊಂದು ದಪ್ಪ ಪ್ಲೈ ಇಟ್ಟು ಕಾಫಿ ಮೂಟೆ ಪೇರಿಸಿ ರಾತ್ರಿಯಿಡೀ ಬಿಟ್ಟೆ.

ಒಳಗಿನ ಪ್ಲೈ ಮುಚ್ಚುವ ಮೊದಲೇ ಲೈಟ್, ಶೆಲ್ಫ್, ಬಾಗಿಲ ಕೀಲು ಬರುವ ಕಡೆ ಮರದ ತುಂಡು ಕೂರಿಸಿರಬೇಕು. ಬೋರ್ಡ್‌ನಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಕರೆಂಟ್ ವೈರ್‌ಗೆ ಪೈಪ್ ಹಾಕಿ, ಟೇಪ್ ಹಿಡಿದು ಅಳತೆ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಅಂಚುಗಳು. ಪ್ಲೈ ನೀರು ಕುಡಿಯುವುದು ಅಂಚಿನಿಂದ, ಅದರಲ್ಲೂ ಕೆಳಗಿನ ಅಂಚಿನಿಂದ. ಅದಕ್ಕೆ ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ, ಕಲ್ಲಿನಂತೆ ಗಟ್ಟಿಯಾಗುವ ರಾಳ) ಹಚ್ಚಿ, ಕುಡಿದಷ್ಟೂ ಕುಡಿಸಿ, ಮತ್ತೆ ಹಚ್ಚಿದೆ. ಹೊರಗಿನ ಪ್ರತಿ ಸ್ಕ್ರೂ ತೂತನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಸಣ್ಣದಾಗಿ ಮತ್ತೆ ಕೊರೆದೆ. ಬೇಜಾರಿನ ಕೆಲಸ, ಆದರೂ ಬಿಡುವ ಹಾಗಿಲ್ಲ. ಸಂದು ಬಿಟ್ಟರೆ ಇರುವೆ ಕೂಡ ಒಳಗೆ ಸೇರಿ ಬೋರ್ಡ್ ಕೊರೆದು ಗೂಡು ಮಾಡುತ್ತದೆ. ಬೋರ್ಡಿಗೆ ಬೆಂಕಿ ಹತ್ತುತ್ತದೆ ಅನ್ನುವುದೂ ನೆನಪಿರಲಿ. ಒಲೆ ಇಡುವುದು ಗಾಡಿಯ ಹಿಂಭಾಗದಲ್ಲಿ, ಹೊರಗಿನ ಅಡುಗೆ ಕಟ್ಟೆ ಮೇಲೆ ಮಾತ್ರ.

ಗೋಡೆ ಎಷ್ಟೇ ಚೆನ್ನಾಗಿದ್ದರೂ ಉಸಿರಿನ ತೇವ ಹೊರಗೆ ಹೋಗಲು ದಾರಿ ಬೇಕು. ಕಾಲಿನ ಕಡೆ ಕೆಳಗೊಂದು ಜಾಲರಿ ಕಿಂಡಿ, ತಲೆಯ ಮೇಲೆ ಸಣ್ಣ 12 ವೋಲ್ಟ್ ಫ್ಯಾನ್ ಇಟ್ಟಿದ್ದೇನೆ. ಫ್ಯಾನ್ ಮೆಲ್ಲಗೆ ತಿರುಗುತ್ತಿದ್ದರೆ ಡಿಸೆಂಬರಿನ ಇಬ್ಬನಿಯಲ್ಲೂ ಒಳಗೋಡೆ ಒಣಗಿರುತ್ತದೆ. ಕಿಟಕಿ ಗಾಜಿನ ಮೇಲೆ ಮಾತ್ರ ನೀರು ಕೂರುತ್ತದೆ, ಅದನ್ನು ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಆಯಿತು.