ಹಳೇ ಫಿಯಟ್‌ನ ತುಕ್ಕು: ಒಳಗಿಂದ ಬಿಡಿಸಿದ ನನ್ನ ಅನುಭವ

ಹಳೇ ಕಾರಿನ ತುಕ್ಕು ಹೊರಗೆ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ತನ್ನ ಕೆಲಸ ಮುಗಿಸಿರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಫಿಯಟ್ ಮೇಲೆ ನಾನು ಮಾಡಿದ ಕೆಲಸವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಬಾಗಿಲ ಕೆಳಗೆ ಬಣ್ಣ ಉಬ್ಬಿದೆ, ಉಜ್ಜಿ ಪುಟ್ಟಿ ತುಂಬಿ ಸ್ಪ್ರೇ ಹೊಡೆದರೆ ಆಯ್ತು ಅನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗ ಮತ್ತೆ ಉಬ್ಬುತ್ತದೆ, ಈ ಸಲ ಅಂಗೈ ಅಗಲ. ಪುಟ್ಟಿ ನೀರು ಹೀರುತ್ತದೆ. ಹೀರಿದ ನೀರನ್ನು ಹಿಂದಿನ ತಗಡಿಗೆ ಉಣಿಸುತ್ತಾ ಕೂತಿರುತ್ತದೆ.

ನಮ್ಮದು 1100 ಡಿಲೈಟ್, 60ರ ದಶಕದ ಕೊನೆಯ ಕಾರು. ಫಿಯಟ್ ಕಂಪನಿ ಈ ಬಾಡಿಯ 1100 ಅನ್ನು ಇಟಲಿಯಲ್ಲಿ ತಂದದ್ದು 1953ರಲ್ಲಿ. ನಮ್ಮ ದೇಶದಲ್ಲಿ ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ತಯಾರಿಸಿದರು. 1964ರಲ್ಲಿ ಡಿಲೈಟ್ ಬಂತು, ಆಮೇಲೆ ಪ್ರೆಸಿಡೆಂಟ್ ಆಯಿತು, 1974ರಿಂದ ಪದ್ಮಿನಿ ಆಯಿತು. ಹೆಸರು ಬದಲಾದರೂ ಬಾಡಿ ಹೆಚ್ಚುಕಮ್ಮಿ ಅದೇ. ಮುಂಬೈನಲ್ಲಿ 2023ರ ಅಕ್ಟೋಬರ್‌ವರೆಗೂ ಪದ್ಮಿನಿ ಟ್ಯಾಕ್ಸಿ ಓಡಿತಲ್ವಾ, ಅದು ನಮ್ಮಂಥವರಿಗೆ ದೊಡ್ಡ ಉಪಕಾರ. ಪದ್ಮಿನಿಯ ಬಾಗಿಲು, ಬಾನೆಟ್ ಗುಜರಿಯಲ್ಲಿ ಇವತ್ತಿಗೂ ಸಿಗುತ್ತವೆ. ಡಿಲೈಟ್‌ಗಿಂತ ಹಿಂದಿನ ಮಾಡೆಲ್‌ಗಳದ್ದನ್ನು ಮಾತ್ರ ತರಬೇಡಿ. ಅವುಗಳಲ್ಲಿ ಮುಂದಿನ ಬಾಗಿಲಿಗೆ ಕೀಲು ಹಿಂಬದಿಯಲ್ಲಿತ್ತು, ಬಾಗಿಲು ಉಲ್ಟಾ ತೆರೆಯುತ್ತಿತ್ತು.

ತುಮಕೂರಿನಂಥ ಒಣ ಊರಲ್ಲಿ ಇಷ್ಟು ತುಕ್ಕು ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ಈ ಕಾರು ತುಂಬಾ ವರ್ಷ ಇದ್ದದ್ದು ತಿಪಟೂರು ಕಡೆಯ ನಮ್ಮ ಮಾವನ ತೆಂಗಿನ ತೋಟದಲ್ಲಿ. ನಮ್ಮ ಕಡೆ ತೆಂಗಿನ ಗುಂಡಿಗೆ ಉಪ್ಪು ಹಾಕುವುದು ಹಳೇ ರೂಢಿ, ಆ ಉಪ್ಪಿನ ಮೂಟೆ ಹೋಗುತ್ತಿದ್ದದ್ದು ಈ ಕಾರಿನ ಡಿಕ್ಕಿಯಲ್ಲಿ. ಸಮುದ್ರದ ದಡದಲ್ಲಿ ಕಾರಿಗೆ ಏನಾಗುತ್ತದೋ ಅದೇ ಇಲ್ಲಿ ಡಿಕ್ಕಿಯೊಳಗೆ ಆಯಿತು. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಆ ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ತುಕ್ಕಿಗೆ ಬೇಕಾದದ್ದೂ ಅದೇ.

ಇನ್ನೊಂದು ಕಾರಣ ರನ್ನಿಂಗ್ ಬೋರ್ಡಿನ ಒಳಗಿತ್ತು. ಬಾಗಿಲ ಕೆಳಗಿನ ಆ ಉದ್ದನೆ ಡಬ್ಬಿಯನ್ನು ಗ್ರೈಂಡರ್‌ನಲ್ಲಿ ಸೀಳಿ, ಹೊರಗಿನ ತಗಡನ್ನು ಹಿಡಿದು ಎಳೆದಾಗ ಮೊದಲು ಉದುರಿದ್ದು ತೆಂಗಿನ ನಾರು. ಇಲಿಗಳು ಗೂಡಿಗೆ ಅಂತ ತಂದು ತುರುಕಿದ್ದವು. ಅದರ ಜೊತೆ ಹೊಂಗೆ ಎಲೆ, ಚಕ್ರ ಎರಚಿದ ಕೆಮ್ಮಣ್ಣು, ಪದರ ಪದರವಾಗಿ ಕಿತ್ತುಬಂದ ತುಕ್ಕು. ಹೊರಗೆ ಉರಿಬಿಸಿಲು, ನಾರು ಮಾತ್ರ ಇನ್ನೂ ಒದ್ದೆ. ಹಿಂಡಿದರೆ ಕೈಗೆ ಕಂದು ನೀರು ಹತ್ತುತ್ತಿತ್ತು. ನೀರು ಹೊರಗೆ ಹೋಗಲು ಕೆಳಗೆ ಬಿಟ್ಟಿದ್ದ ತೂತುಗಳು ಯಾವತ್ತೋ ಮುಚ್ಚಿಹೋಗಿದ್ದವು, ಅದರ ಮೇಲೆ ಯಾರೋ ದಪ್ಪಗೆ ಕರಿ ಟಾರ್ ಕೋಟಿಂಗ್ ಬೇರೆ ಬಳಿದಿದ್ದರು. ತುಕ್ಕಿನ ಮೇಲೆ ಅಂಡರ್‌ಬಾಡಿ ಕೋಟಿಂಗ್ ಬಳಿಯುವುದು ಕಾರಿಗೆ ಮಾಡುವ ದ್ರೋಹ ಅಂತಲೇ ನಾನು ಹೇಳುತ್ತೇನೆ. ಒಳಗಿನ ತೇವ ಹೊರಗೆ ಹೋಗುವುದಿಲ್ಲ, ತುಕ್ಕು ಕಣ್ಣಿಗೂ ಕಾಣುವುದಿಲ್ಲ.

ಈಗ ಕತ್ತರಿಸುವ ವಿಷಯ. ಫಿಯಟ್‌ಗೆ ಲಾರಿ, ಜೀಪಿಗೆ ಇರುವಂಥ ಬೇರೆ ಚಾಸಿಸ್, ಅಂದರೆ ಬಾಡಿ ಹೊರುವ ಅಡಿ ಚೌಕಟ್ಟು ಇಲ್ಲ. ಫ್ಲೋರ್, ರನ್ನಿಂಗ್ ಬೋರ್ಡ್, ಪಿಲ್ಲರ್, ಟಾಪ್ ಎಲ್ಲ ಸೇರಿ ಭಾರ ಹೊರುತ್ತವೆ. ಹಾಗಾಗಿ ರನ್ನಿಂಗ್ ಬೋರ್ಡನ್ನು ಸುಮ್ನೆ ಕಿತ್ತರೆ ಕಾರು ನಡುವೆ ಬಾಗುತ್ತದೆ. ಬಾಗಿದ ಮೇಲೆ ಹೊಸ ತಗಡು ಹಾಕಿ ಬೆಸೆದರೆ ಆ ಬಾಗು ಶಾಶ್ವತ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ. ನಾನು ಕಾರನ್ನು ಮಟ್ಟ ಹಿಡಿದು ನಾಲ್ಕೂ ಕಡೆ ಸ್ಟ್ಯಾಂಡ್ ಮೇಲೆ ಕೂರಿಸಿದೆ, ಸ್ಟ್ಯಾಂಡನ್ನು ಸಸ್ಪೆನ್ಷನ್ ಹಿಡಿದಿರುವ ಗಟ್ಟಿ ಜಾಗದ ಹತ್ತಿರವೇ ಕೊಟ್ಟೆ. ಆಮೇಲೆ ಬಾಗಿಲಿನ ಚೌಕಟ್ಟಿಗೆ ಅಡ್ಡಡ್ಡ, ಮೂಲೆಯಿಂದ ಮೂಲೆಗೆ, ಒಂದಿಂಚಿನ ಚೌಕ ಪೈಪುಗಳನ್ನು ಟ್ಯಾಕ್ ಹೊಡೆದೆ, ಅಂದರೆ ಆಮೇಲೆ ಬಿಡಿಸಲು ಬರುವ ಹಾಗೆ ಚುಕ್ಕಿ ಬೆಸುಗೆ ಹಾಕಿದೆ. ಟೇಪು ಹಿಡಿದು ಎರಡೂ ಕರ್ಣಗಳ ಅಳತೆಯನ್ನು ಪಿಲ್ಲರ್ ಮೇಲೆಯೇ ಮಾರ್ಕರ್‌ನಲ್ಲಿ ಬರೆದಿಟ್ಟೆ, ಪ್ರತಿ ಸಲ ಬೆಸೆದ ಮೇಲೆ ಮತ್ತೆ ಅಳೆಯುತ್ತಿದ್ದೆ. ಒಂದು ಕಡೆ ಪೂರ್ತಿ ಮುಗಿಯುವವರೆಗೆ ಇನ್ನೊಂದು ಕಡೆ ಮುಟ್ಟಲಿಲ್ಲ. ಪೆಟ್ರೋಲ್ ಟ್ಯಾಂಕನ್ನು ಕಾರಿನಿಂದ ಇಳಿಸಿ ದೂರ ಇಟ್ಟು, ಬ್ಯಾಟರಿ ತೆಗೆದ ಮೇಲೆಯೇ ವೆಲ್ಡಿಂಗ್ ಗನ್ ಕೈಗೆ ತಗೊಂಡದ್ದು. ಇದರಲ್ಲಿ ರಾಜಿ ಬೇಡವೇ ಬೇಡ.

ತಗಡು ಎಲ್ಲಿ ಸಿಗುತ್ತದೆ? ರೆಡಿಮೇಡ್ ರನ್ನಿಂಗ್ ಬೋರ್ಡ್ ಹುಡುಕಿ ಬೆಂಗಳೂರಿನ ಜೆ.ಸಿ. ರಸ್ತೆಗೂ ಹೋಗಿದ್ದೆ. ಸಿಕ್ಕದ್ದು ತೀರಾ ತೆಳು, ಅಂಚಿನ ಮಡಿಕೆ ಬೇರೆ ಹೊಂದುತ್ತಿರಲಿಲ್ಲ. ಕೊನೆಗೆ ಕೆಲಸ ಆದದ್ದು ನಮ್ಮೂರಲ್ಲೇ, ಸ್ಟೀಲ್ ಬೀರು ಮಾಡುವ ಅಂಗಡಿಯಲ್ಲಿ. ಬೀರುವಿಗೆ ಹಾಕುವುದೂ ಕಾರಿನ ಬಾಡಿಗೆ ಹಾಕುವಂಥ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟೇ. ತಗಡು ಬಾಗಿಸುವ ಮಷೀನು ಅವರ ಹತ್ತಿರ ಇರುತ್ತದೆ, ಕೈಯೂ ಚೆನ್ನಾಗಿ ಪಳಗಿರುತ್ತದೆ. ಹಳೇ ತುಂಡಿನಲ್ಲಿ ತುಕ್ಕು ಹಿಡಿಯದೆ ಉಳಿದಿದ್ದ ಭಾಗದ ಮೇಲೆ ರಟ್ಟು ಇಟ್ಟು ಆಕಾರ ತೆಗೆದುಕೊಂಡು ಹೋಗಿ ಕೊಟ್ಟೆ. ರನ್ನಿಂಗ್ ಬೋರ್ಡಿಗೆ 18 ಗೇಜು, ಅಂದರೆ ಸುಮಾರು 1.2 ಮಿ.ಮೀ. ಫ್ಲೋರಿಗೆ ಮತ್ತು ಡಿಕ್ಕಿಗೆ ಅದಕ್ಕಿಂತ ತೆಳುವಾದ 20 ಗೇಜು. ತುಕ್ಕು ಹಿಡಿಯಲ್ಲ, ಸತುವಿನ ಲೇಪ ಇರುವ ಜಿ.ಐ. ಶೀಟ್ ಹಾಕಿ ಅಂತ ಹೇಳುವವರು ಇದ್ದಾರೆ. ಬೆಸೆಯುವಾಗ ಅದರ ಸತುವು ಉರಿದು ಬಿಳಿ ಹೊಗೆ ಬರುತ್ತದೆ, ಅದನ್ನು ಕುಡಿದರೆ ರಾತ್ರಿಗೆ ಚಳಿಜ್ವರ ಹತ್ತುತ್ತದೆ. ಬೆಸುಗೆಯ ಜಾಗದಲ್ಲಿ ಸತುವೂ ಉಳಿಯುವುದಿಲ್ಲ, ಬಂದ ಲಾಭ ಏನು?

ವೆಲ್ಡಿಂಗ್‌ಗೆ ಮಿಗ್ ಬಳಸಿದೆ, ಅಂದರೆ ಗನ್ನಿನಿಂದ ಬರುವ ತಂತಿಯನ್ನು ಕರೆಂಟಿನಲ್ಲಿ ಕರಗಿಸಿ ಬೆಸೆಯುವುದು. ಗ್ಯಾಸ್ ವೆಲ್ಡಿಂಗ್‌ನಲ್ಲಿ ಪಳಗಿದ ಹಳೇ ಟಿಂಕರ್‌ಗಳ ಕೈಚಳಕದ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಅದರ ಶಾಖ ತಗಡಿನಲ್ಲಿ ಅಗಲವಾಗಿ ಹರಡುತ್ತದೆ, ಸಪಾಟು ಜಾಗ ಹಪ್ಪಳದ ಹಾಗೆ ಡೊಂಕಾಗುತ್ತದೆ. ಮಿಗ್‌ನಲ್ಲೂ ಉದ್ದಕ್ಕೆ ಎಳೆಯಬಾರದು. ಒಂದು ಚುಕ್ಕಿ ಇಲ್ಲಿ, ಇನ್ನೊಂದು ಅರ್ಧ ಅಡಿ ದೂರ, ಆಮೇಲೆ ನಡುವೆ. ಕೈ ಇಟ್ಟರೆ ತಡೆಯುವಷ್ಟು ಆರಿದ ಮೇಲೆ ಮುಂದಿನದು. ಕಂಪನಿಯವರು ಸ್ಪಾಟ್ ವೆಲ್ಡ್ ಮಾಡಿದ್ದ ಅಂಚುಗಳಿಗೆ ಮೇಲಿನ ತಗಡಿನಲ್ಲಿ 6 ಮಿ.ಮೀ. ತೂತು ಕೊರೆದು ಅದನ್ನು ಬೆಸುಗೆಯಿಂದ ತುಂಬಿಸಿದೆ. ಎರಡು ತಗಡು ಕೂಡುವ ಜಾಗಕ್ಕೆ ಮೊದಲೇ ಜಿಂಕ್ ಪ್ರೈಮರ್ ಹೊಡೆಯಬೇಕು, ಬೆಸೆದ ಮೇಲೆ ಅಲ್ಲಿಗೆ ಬ್ರಷ್ಷೂ ಹೋಗುವುದಿಲ್ಲ.

ಕೀಲು, ಬಂಪರ್ ಬ್ರಾಕೆಟ್, ಸೀಟಿನ ಹಳಿಗಳಂಥ ಚಿಕ್ಕ ಸಾಮಾನಿಗೆ ಗ್ರೈಂಡರ್ ಬೇಡ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ಅದಕ್ಕೆ ಎರಡು ಮೂರು ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಬ್ಯಾಟರಿ ಚಾರ್ಜರ್. ತುಕ್ಕು ಹಿಡಿದ ಸಾಮಾನಿಗೆ ನೆಗೆಟಿವ್, ಪಕ್ಕದಲ್ಲಿ ತಾಗದ ಹಾಗೆ ಇಳಿಬಿಟ್ಟ ಬೇಡದ ಕಬ್ಬಿಣದ ತುಂಡಿಗೆ ಪಾಸಿಟಿವ್. ಸ್ವಲ್ಪ ಹೊತ್ತಿಗೆ ಗುಳ್ಳೆ ಏಳುತ್ತವೆ, ನೀರಿನ ಮೇಲೆ ಕಂದು ನೊರೆ ಕಟ್ಟುತ್ತದೆ. ಮಾರನೇ ದಿನ ತೆಗೆದು ನಲ್ಲಿ ಕೆಳಗೆ ಬ್ರಷ್ ಆಡಿಸಿದರೆ ಕರಿ ಪುಡಿ ಹೋಗಿ ಬೂದುಬಣ್ಣದ ಕಬ್ಬಿಣ ಕಾಣುತ್ತದೆ. ಕೀಲಿನ ಮೇಲೆ ಒತ್ತಿದ್ದ ನಂಬರ್ ಕೂಡ ಓದಲು ಬಂತು! ಒಳ್ಳೇ ಕಬ್ಬಿಣ ಚೂರೂ ಕರಗುವುದಿಲ್ಲ, ಇದೇ ಈ ವಿಧಾನದ ದೊಡ್ಡ ಗುಣ. ಏಳುವ ಗುಳ್ಳೆ ಹೈಡ್ರೋಜನ್, ಅದಕ್ಕೇ ಬಯಲಲ್ಲೇ ಮಾಡಿ, ಹತ್ತಿರ ಕಿಡಿ ಬೇಡ. ಪಾಸಿಟಿವ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ಅದರಿಂದ ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ. ಸೋಡಾ ಬದಲು ಉಪ್ಪನ್ನೂ ಹಾಕಬೇಡಿ, ಕ್ಲೋರಿನ್ ಬರುತ್ತದೆ.

ನಮ್ಮ ಕಡೆ ಮಳೆ ಜಾಸ್ತಿ ಸುರಿಯುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಬಣ್ಣ ಕೆರೆಯುವ ಕೆಲಸವನ್ನು ನಾನು ಸಂಕ್ರಾಂತಿ ಆದಮೇಲೆ ಶುರು ಮಾಡಿ ಯುಗಾದಿಯ ಆಸುಪಾಸಿನ ಒಣ ಹವೆಯಲ್ಲಿ ಮುಗಿಸಿದೆ. ಬರಿ ತಗಡು ಒಂದು ರಾತ್ರಿ ತೇವದಲ್ಲಿ ನಿಂತರೂ ಕೆಂಪಗೆ ಪುಡಿ ಹಿಡಿಯುತ್ತದೆ. ಹಾಗಾಗಿ ಒಂದು ದಿನದಲ್ಲಿ ಎಷ್ಟು ಪ್ರೈಮರ್ ಹೊಡೆಯಲು ಆಗುತ್ತದೋ ಅಷ್ಟೇ ಜಾಗ ಕೆರೆಯಿರಿ. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸುವ ದ್ರವ) ಹಚ್ಚಿ, ಒಣಗಿಸಿ, ಒರೆಸಿ, ಮೇಲೆ ಎರಡು ಪಾರ್ಟ್‌ನ ಎಪಾಕ್ಸಿ ಪ್ರೈಮರ್. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಕಾರಿಗೆ ಸಾಲದು. ಪುಟ್ಟಿ ಹಾಕುವುದೇ ಆದರೆ ಎಪಾಕ್ಸಿ ಮೇಲೆ, ತೆಳ್ಳಗೆ. ಕೊನೆಯ ಪೇಂಟನ್ನು ಮಾತ್ರ ಬೂತ್ ಇರುವವರಿಗೆ ಕೊಟ್ಟೆ. ಅದು 2ಕೆ, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಪೇಂಟು. ಅದರ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯ ಶೆಡ್ಡಿನಲ್ಲಿ ಬಟ್ಟೆ ಕಟ್ಟಿಕೊಂಡು ಮಾಡುವ ಕೆಲಸವಲ್ಲ.

ಪೇಂಟ್ ಆಗಿ ಬಂದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇನ್ನೂ ಉಳಿದಿತ್ತು. ರನ್ನಿಂಗ್ ಬೋರ್ಡ್, ಬಾಗಿಲ ಹೊಟ್ಟೆ, ಡಿಕ್ಕಿ ಮೂಲೆಗಳ ಒಳಗೆ ಉದ್ದ ನಳಿಕೆ ತೂರಿಸಿ ಕ್ಯಾವಿಟಿ ವ್ಯಾಕ್ಸ್, ಅಂದರೆ ತಗಡಿನ ಪೊಳ್ಳಿನೊಳಗೆ ತುಕ್ಕು ತಡೆಯುವ ಮೇಣ ಹೊಡೆದೆ. ಮಟಮಟ ಮಧ್ಯಾಹ್ನ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ತಗಡು ಕಾದ ಮೇಲೆ ಹೊಡೆದರೆ ವ್ಯಾಕ್ಸ್ ನೀರಾಗಿ ಎರಡು ತಗಡಿನ ಸಂದಿಗೂ ಹರಿಯುತ್ತದೆ. ಕೆಳಗಿನ ತೂತುಗಳಿಂದ ತೊಟ್ಟಿಕ್ಕಿದರೆ ಒಳಗೆಲ್ಲ ತಲುಪಿದೆ ಅಂತ ಅರ್ಥ. ಆಮೇಲೆ ಸೈಕಲ್ ಕಡ್ಡಿಯಿಂದ ಆ ತೂತುಗಳನ್ನೆಲ್ಲ ಬಿಡಿಸಿದೆ, ಮಳೆಗಾಲಕ್ಕೆ ಮುಂಚೆ ಈಗಲೂ ಬಿಡಿಸುತ್ತೇನೆ. ಗ್ಲಾಸಿನ ರಬ್ಬರು, ಡಿಕ್ಕಿಯ ಬೀಡಿಂಗ್ ಹೊಸದು ಹಾಕಿಸಿ. ನೀರು ಬರುವ ದಾರಿ ಮುಚ್ಚದೆ ತಗಡು ಬದಲಿಸಿದರೆ ದುಡ್ಡು ದಂಡ.

ಕಾಗದದ ವಿಷಯ ಒಂದಿದೆ. 50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಅಂತ ನೋಂದಾಯಿಸುವ ಕೇಂದ್ರದ ನಿಯಮ 2021ರಲ್ಲಿ ಬಂದಿದೆ. ಚಾಸಿಸ್, ಬಾಡಿ, ಎಂಜಿನ್ ಮಾರ್ಪಾಡಾಗದೆ ಮೂಲ ರೂಪದಲ್ಲಿ ಇರಬೇಕು ಅನ್ನುವುದು ಅದರ ಷರತ್ತು. ಆದ್ದರಿಂದ ಹಳೇ ಆಕಾರಕ್ಕೇ ತಗಡು ಕಟ್ಟಿ, ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ. ಚಾಸಿಸ್ ನಂಬರ್ ಒತ್ತಿರುವ ಜಾಗಕ್ಕೆ ಗ್ರೈಂಡರ್ ಹಚ್ಚಲೇಬೇಡಿ.

ಹಳೇ ಫಿಯಟ್ ಕೊಳ್ಳಲು ಹೊರಟವರು ಮೊದಲು ಬಣ್ಣ ನೋಡಬೇಡಿ. ಒಂದು ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲ ಕೆಳಗೆ, ಮಡ್‌ಗಾರ್ಡ್ ಅಂಚಿನಲ್ಲಿ ಆಡಿಸಿ. ಹಿಡಿಯದಿದ್ದರೆ ಅಲ್ಲಿರುವುದು ಪುಟ್ಟಿ. ಮ್ಯಾಟ್ ಎತ್ತಿ ಫ್ಲೋರನ್ನು ಹೆಬ್ಬೆರಳಿಂದ ಒತ್ತಿ. ಹಿಂದೆ ಪ್ಲೇಟ್ ಸ್ಪ್ರಿಂಗ್ ಬಾಡಿಗೆ ಕೂಡುವ ಜಾಗವನ್ನು ಟಾರ್ಚ್ ಹಾಕಿ ನೋಡಿ. ಕೊನೆಗೆ ಒಂದು ಬದಿಗೆ ಜಾಕ್ ಕೊಟ್ಟು ಚಕ್ರ ನೆಲ ಬಿಟ್ಟ ಮೇಲೆ ಆ ಬದಿಯ ಬಾಗಿಲು ತೆಗೆದು ಹಾಕಿ. ಮೊದಲಿನ ಹಾಗೇ ಸಲೀಸಾಗಿ ಕೂತರೆ ಬೆಲೆ ಮಾತಾಡಬಹುದು. ಸಿಕ್ಕಿಹಾಕಿಕೊಂಡರೆ ರನ್ನಿಂಗ್ ಬೋರ್ಡ್ ಒಳಗೆ ಸತ್ವ ಉಳಿದಿಲ್ಲ, ಇಲ್ಲಿ ಬರೆದ ಕೆಲಸವೆಲ್ಲ ನಿಮ್ಮ ತಲೆ ಮೇಲೆ ಬರುತ್ತದೆ, ಬೆಲೆಯನ್ನು ಆ ಲೆಕ್ಕದಲ್ಲೇ ಕೇಳಿ.